ಹುತ್ತದ ಮಣ್ಣು ಹೊತ್ತವರು

ಸುದ್ದಿ ಹೇಳಿದ್ದು ಶಿಕಾರಿಪುರದಿಂದ ಬರುವ ಬೆಳಗಿನ ಬಸ್ಸಿನ ಕಂಡಕ್ಟರ್. ನಾನು ಸೊರಬದ ಬಸ್ ನಿಲ್ದಾಣದಲ್ಲಿ ಬೀಜದ ಭತ್ತದ ಚೀಲಗಳಿಗಾಗಿ ಕಾಯುತ್ತಿದ್ದೆ. "ನಿಮ್ಮ ಬಾವಿ ಅಯ್ನೋರು ಹೋದ್ರಂತಲ್ರೀ. ಎದೆನೋವಂತೆ. ನಿನ್ನೆ ಮಣ್ಣು ಮಾಡಿದ್ರು," ಎಂದು ಹೇಳಿ ಆತ ಬಸ್ಸಿನ ಮೇಲೆ ಹತ್ತಿ ಚೀಲ ಇಳಿಸತೊಡಗಿದ. ನಾನು ಕೆಳಗೆ ನಿಂತು ಎಣಿಸಿಕೊಂಡೆ. ಲೆಕ್ಕ ಸರಿ ಇತ್ತು.

ದಿನಕ್ಕೆ ಇಷ್ಟಾದರೂ ಬರೆದಿಡುವುದು ನನ್ನ ಅಭ್ಯಾಸ. ಆ ದಿನದ ದಿನಚರಿಯಲ್ಲಿ ಇರುವುದು ಹೀಗೆ: 'ಬುಧವಾರ. ಮೋಡ ಇತ್ತು, ಮಳೆ ಇಲ್ಲ. ಬೀಜದ ಭತ್ತ ಬಂತು. ಬಾವಿ ಅಯ್ನೋರು ತೀರಿಕೊಂಡರು. ಮಧ್ಯಾಹ್ನ ಹಂಚಿಕೆ ಮುಗಿಯಿತು.' ಈಗ ಓದಿದರೆ ನಡುವಿನ ಸಾಲು ಬೇರೆ ಯಾರೋ ಬರೆದು ಸೇರಿಸಿದಂತೆ ಕಾಣುತ್ತದೆ. ಆದರೆ ಅಕ್ಷರ ನನ್ನದೇ. ಆ ರಾತ್ರಿ ಬೇಸರಪಡಬೇಕೆಂದು ಕೂತೆ. ಬೇಸರ ಬರಲಿಲ್ಲ, ನಿದ್ದೆ ಬಂತು.

ನಾನು ಗ್ರಾಮಸೇವಕ. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಶಿಕಾರಿಪುರ ತಾಲ್ಲೂಕಿನಲ್ಲಿದ್ದೆ. ತೊಗರ್ಸಿ ಸುತ್ತಿನ ಕೆಲವು ಹಳ್ಳಿಗಳು ನನ್ನ ಪಾಲಿನವು. ಸೈಕಲ್ಲಿನಲ್ಲಿ ಹೋಗಿ ಗೊಬ್ಬರದ ಗುಂಡಿ ತೋಡಿಸುವುದು, ಹೊಸ ತಳಿಯ ಬೀಜದ ಗುಣ ಹೇಳುವುದು ನನ್ನ ಕೆಲಸ. ಆ ಎರಡೂ ವರ್ಷ ಮಳೆ ಹಿಡಿಯಲಿಲ್ಲ. ಕುಡಿಯುವ ನೀರಿಗೇ ಒದ್ದಾಡುವವರ ಮುಂದೆ ನಿಂತು ಬೀಜದ ಗುಣ ಹೇಳುತ್ತಿದ್ದೆ. ಅವರು ಮರ್ಯಾದೆಗೆ ಕೇಳಿಸಿಕೊಳ್ಳುತ್ತಿದ್ದರು.

ಅಂಥ ಹೊತ್ತಿನಲ್ಲಿ ಬಾವಿ ಅಯ್ನೋರು ಬಂದರು. ಅವರದು ಹಾವೇರಿ ಕಡೆ. ಕ್ರೈಸ್ತ ಮಿಷನ್ನಿನವರು ಬರ ಬಿದ್ದ ಊರುಗಳಲ್ಲಿ ಬಾವಿ ತೋಡಿಸಲು ಅವರನ್ನು ಶಿಕಾರಿಪುರಕ್ಕೆ ಕಳಿಸಿದ್ದರು. ಹಾರೆ, ಗುದ್ದಲಿ, ಸಿಡಿಮದ್ದು, ಸಿಮೆಂಟು ಮಿಷನ್ನಿನದು, ಮೈದುಡಿಮೆ ಊರಿನದು. ಅವರು ಪಾದ್ರಿಯಲ್ಲ, ದೀಕ್ಷೆ ಪಡೆದವರಲ್ಲ, ಬರೀ ಕೆಲಸಗಾರರು. ಹಾಗೆಂದು ಎಷ್ಟು ಸಲ ಹೇಳಿದರೂ ಜನ ಅವರನ್ನು ಬಾವಿ ಅಯ್ನೋರು ಎಂದೇ ಕರೆದರು. ಗಿಡ್ಡ ಆಳು, ಅಗಲ ಹೆಗಲು, ಮೊಣಕಾಲವರೆಗೆ ಮಡಿಸಿದ ಖಾಕಿ ಪ್ಯಾಂಟು. ಮಾತಾಡುವಾಗ ಎದುರಿಗಿರುವವರ ಮುಖ ನೋಡುತ್ತಿರಲಿಲ್ಲ, ಅವರು ನಿಂತ ನೆಲ ನೋಡುತ್ತಿದ್ದರು. ಹೊಸಬರಿಗೆ ಇದು ನಾಚಿಕೆಯಂತೆ ಕಾಣುತ್ತಿತ್ತು. ನಾಚಿಕೆ ಏನೂ ಅಲ್ಲ. ಅವರಿಗೆ ನೆಲ ಕಂಡರೆ ಅದರ ಅಡಿಯಲ್ಲಿ ಏನಿದೆ ಎಂಬ ಯೋಚನೆ.

ಒಮ್ಮೆ ಇಬ್ಬರೂ ಬಂದಳಿಕೆಗೆ ಹೋಗಿದ್ದೆವು. ಹಾಳುಬಿದ್ದ ಗುಡಿಗಳ ಕೆತ್ತನೆಯನ್ನು ತೋರಿಸಲು ನಾನು ಉತ್ಸಾಹದಿಂದ ಕರೆದುಕೊಂಡು ಹೋದೆ. ಅವರು ಕಂಬಗಳ ಕಡೆ ಒಂದು ಸಲ ಕಣ್ಣು ಹಾಯಿಸಿ, ಗುಡಿಯ ಹಿಂಬದಿಗೆ ನಡೆದು, ಕಲ್ಲು ತುಂಬಿಹೋದ ಒಂದು ಹಳೆಯ ಬಾವಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಏಳಲೇ ಇಲ್ಲ.

"ಗುಡಿ ನೋಡೋದಿಲ್ಲೇನ್ರೀ?" ಎಂದೆ.

"ಇದನ್ನ ತೋಡಿದಾಂವ ಶಾಣ್ಯಾ ಇದ್ದ ತಮ್ಮಾ," ಎಂದರು. "ಗುಡಿ ಕಟ್ಟಿದಾಂವ ಇವನ ನೀರು ಕುಡದ ಕಟ್ಟ್ಯಾನ."

ಬಾವಿ ಕೆಲಸ ವಾರಕ್ಕೆ ಐದೇ ದಿನ ನಡೆಯುತ್ತಿತ್ತು. ಭಾನುವಾರ ಅವರು ಗುದ್ದಲಿ ಮುಟ್ಟುತ್ತಿರಲಿಲ್ಲ. ಸೋಮವಾರ ಬಸವಣ್ಣನ ದಿನ, ಊರವರು ಎತ್ತು ಹೂಡುತ್ತಿರಲಿಲ್ಲ, ಮಣ್ಣು ಮೇಲೆತ್ತಲು ಎತ್ತು ಬೇಕು. "ನಿಮ್ಮ ದೇವ್ರಿಗೊಂದು ದಿನ, ನಮ್ಮ ದೇವ್ರಿಗೊಂದು ದಿನ. ನೀರು ಐದು ದಿನ ಮಾತ್ರ ಮ್ಯಾಲೆ ಬರ್ತತಿ," ಎಂದು ಕಲ್ಲೊಡೆಯುವವರು ನಗುತ್ತಿದ್ದರು. ಅಯ್ನೋರೂ ನಗುತ್ತಿದ್ದರು. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವರು. ಪಕ್ಕದವನು ರುಮಾಲು ಸುತ್ತಿಕೊಳ್ಳುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. ಬಾವಿಯ ಹತ್ತಿರ ಅವರು ಧರ್ಮದ ಮಾತಾಡಿದ್ದನ್ನು ನಾನು ಕೇಳಿಲ್ಲ. ಒಬ್ಬ ಮುದುಕ ಅನುಮಾನದಿಂದ ಕೇಳಿದ್ದ: "ನೀರು ಬಂದ ಮ್ಯಾಲೆ ನಮ್ಮ ಲಿಂಗ ಬಿಚ್ಚಿಸ್ತೀರೇನ್ರಿ?"

"ನಾ ಗುದ್ದಲಿ ತಂದೇನಿ ಯಜಮಾನ್ರ, ಕತ್ತರಿ ತಂದಿಲ್ಲ."

ಬಾವಿ ಮುಗಿಯಿತು ಎನ್ನುವುದಕ್ಕೂ ಅವರದೇ ಒಂದು ಅಳತೆ ಇತ್ತು. ನೀರು ಬಂದು, ಕಟ್ಟೆ ಕಟ್ಟಿ, ರಾಟೆ ಹಾಕಿದ ಮೇಲೂ ಸಾಮಾನು ಗಾಡಿಗೆ ಏರಿಸುತ್ತಿರಲಿಲ್ಲ. ಮೊದಲ ದಿನ ಹೆಂಗಸರು 'ನೀವು ಸೇದ್ರಿ, ನೀವು ಸೇದ್ರಿ' ಎಂದು ಮರ್ಯಾದೆ ಮಾಡುತ್ತಾರೆ. ಮೂರು ನಾಲ್ಕು ದಿನವಾದ ಮೇಲೆ ಪಾಳಿಗೆ ಜಗಳ ಹತ್ತುತ್ತದೆ. ಅಯ್ನೋರು ಮರದ ಕೆಳಗೆ ಕೂತು ಅದಕ್ಕೇ ಕಾಯುವರು. ಮೊದಲ ಬೈಗುಳ ಕಿವಿಗೆ ಬಿದ್ದೊಡನೆ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡು, "ಜಗಳ ಹತ್ತಿತು. ಇನ್ನ ಇದು ಊರಿನ ಬಾವಿ. ನಡೀ ತಮ್ಮಾ," ಎನ್ನುವರು.

ನಾನು ಹೇಳಹೊರಟಿರುವುದು ತೊಗರ್ಸಿ ಆಚೆಯ ಒಂದು ಹಳ್ಳಿಯ ಬಾವಿಯ ವಿಷಯ. ಆ ಊರಿನ ಕೆರೆ ಒಣಗಿ ಬಿರುಕು ಬಿಟ್ಟಿತ್ತು. ಕೆರೆಯಂಗಳದಲ್ಲಿ ತೋಡಿದ ಗುಂಡಿಯಲ್ಲಿ ಊರುವ ಕೆಂಪು ನೀರನ್ನು ಹೆಂಗಸರು ಚಿಪ್ಪಿನಲ್ಲಿ ಬಳಿದು ಕೊಡಕ್ಕೆ ತುಂಬುತ್ತಿದ್ದರು. ಒಂದು ಕೊಡ ತುಂಬುವಷ್ಟರಲ್ಲಿ ಬಿಸಿಲು ಏರುತ್ತಿತ್ತು. ಅಯ್ನೋರು ಮೊದಲು ಊರಿನ ಪಡುವಣಕ್ಕೆ ತೋಡಿಸಿದರು. ಒಂದು ತಿಂಗಳ ದುಡಿಮೆ, ಕೆಳಗೆ ಒಣ ಬಂಡೆ. ಆ ಸಂಜೆ ಅವರು ಊಟ ಮಾಡಲಿಲ್ಲ.

ನೀರು ಇದ್ದ ಜಾಗ ಎಲ್ಲರಿಗೂ ಗೊತ್ತಿತ್ತು. ಊರಿನ ಕೆಳಗೆ, ಬೇವಿನ ಮರದ ಪಕ್ಕ, ಬಂಡೆಯ ಸಾಲು ಒಡೆದಲ್ಲಿ. ಬೇಸಗೆಯಲ್ಲೂ ಅಲ್ಲಿನ ಹುಲ್ಲು ಹಸಿರು. ಆದರೆ ಅಲ್ಲಿ ಆಳೆತ್ತರದ ಹುತ್ತವಿತ್ತು. ನಾಗರ ಪಂಚಮಿಗೆ ಊರಿನ ಹೆಂಗಸರೆಲ್ಲ ಹಾಲೆರೆಯುವ ಹುತ್ತ ಅದು. ಒಂದು ಕಡೆ ಬಂಡೆ, ಒಂದು ಕಡೆ ಮರ, ಹುತ್ತ ಬಿಟ್ಟು ತೋಡಲು ಜಾಗವಿರಲಿಲ್ಲ. ಹುತ್ತ ಕಿತ್ತವರಿಗೆ ಮಕ್ಕಳು ಉಳಿಯುವುದಿಲ್ಲ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ.

ಒಂದು ಸಂಜೆ ಊರ ಗೌಡರು ಬಂದು ಅವರ ಮುಂದೆ ಕೂತರು. ನಾನು ಪಕ್ಕದಲ್ಲಿದ್ದೆ.

"ಅಯ್ನೋರೆ, ಒಂದು ಮಾತು. ಬೇವಿನ ಮರದ ತಾವ ನೀರು ಐತಿ ಅಂತ ನಮ್ಮಜ್ಜನ ಕಾಲದಿಂದ ಗೊತ್ತು. ನಾವು ಮುಟ್ಟಂಗಿಲ್ಲ. ನೀವು ಮುಟ್ಟಬಹುದು."

"ನಾ ಯಾಕ ಮುಟ್ಟಬಹುದು?"

"ನಿಮಗೆ ದೋಷ ಹತ್ತಂಗಿಲ್ಲ. ನಿಮ್ಮ ದೇವ್ರೇ ಬ್ಯಾರೆ."

ಅಯ್ನೋರು ನಕ್ಕರು. "ಅದು ನಿಮ್ಮ ಹಾವಿಗೆ ಗೊತ್ತೈತೇನ್ರೀ?"

ಗೌಡರು ನಗಲಿಲ್ಲ. "ಗೊತ್ತಿರ್ತತಿ," ಎಂದರು. ಅವರು ಅದನ್ನು ನಂಬಿಯೇ ಹೇಳಿದ್ದು. ಅಪಾಯವನ್ನು ಇನ್ನೊಬ್ಬರ ತಲೆಗೆ ಕಟ್ಟುವ ಉಪಾಯ ಅದಾಗಿರಲಿಲ್ಲ. ಹೆಂಗಸರು ಕೆರೆಯ ಕೆಸರು ಬಳಿಯುತ್ತಿದ್ದಾಗ, ದೋಷ ಹತ್ತದ ಮನುಷ್ಯನೊಬ್ಬ ಊರಿಗೆ ಬಂದಿದ್ದಾನೆ ಎಂಬುದು ಅವರಿಗೆ ದೇವರು ತೋರಿದ ದಾರಿಯಂತೆ ಕಂಡಿತ್ತು.

ಹುತ್ತಕ್ಕೆ ಹಾಲೆರೆಯುವವರನ್ನು ಕೇಳದೆ ಕೈ ಹಚ್ಚುವುದಿಲ್ಲ ಎಂದರು ಅಯ್ನೋರು. ಮಾರನೆಯ ದಿನ ಗೌಡರ ತಾಯಿಯ ಹತ್ತಿರ ಹೋದೆವು. ಪಂಚಮಿಗೆ ಮೊದಲ ಹಾಲು ಆ ಮುದುಕಿಯದು. ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ವಿಷಯ ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದಳು.

"ನಿನಗೆ ಮಕ್ಕಳೆಷ್ಟಪ್ಪಾ?"

"ಇಲ್ಲಬೇ. ಮದಿವ್ಯಾಗಿ ಎಂಟು ವರ್ಷ ಆತು. ಈಗ ಆಕಿಗೆ ಮೂರು ತಿಂಗಳು."

ಮುದುಕಿಯ ಕೈ ನಿಂತಿತು. "ಹಂಗಾರೆ ಬ್ಯಾಡ. ಆಕಿ ಹೆರಲಿ. ಆಮ್ಯಾಲೆ ಅಗಿ."

"ಆರು ತಿಂಗಳ ಆಗತೈತಬೇ. ಅಲ್ಲೀ ಮಟಾ ನೀವೇನ ಕುಡೀತೀರಿ?"

"ಇಷ್ಟು ದಿನ ಏನು ಕುಡಿದ್ವಿ? ಅದನ್ನೇ."

ಗೌಡರು ತಲೆ ಎತ್ತಲಿಲ್ಲ. ಬಸುರಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ನಮಗೆ ಯಾರಿಗೂ ಗೊತ್ತಿರಲಿಲ್ಲ. ವಾಪಸ್ಸು ಬರುವಾಗ ನಾನು ಹೆರಿಗೆಗೂ ಹುತ್ತಕ್ಕೂ ಸಂಬಂಧವಿಲ್ಲ ಎಂದು ಏನೇನೋ ಹೇಳಿದೆ. "ನನಗೂ ಗೊತ್ತೈತಿ ತಮ್ಮಾ," ಎಂದರು. ಆಮೇಲೆ ಸ್ವಲ್ಪ ದೂರ ನಡೆದು, "ಗೊತ್ತಿದ್ರೂ ಮನ್ಯಾಗ ಆಕಿನ್ನ ಕೇಳಬೇಕು," ಎಂದರು.

ಶಿಕಾರಿಪುರದಲ್ಲಿ ಅವರದು ಹಂಚಿನ ಸಣ್ಣ ಮನೆ. ಅವರ ಹೆಂಡತಿ ರೊಟ್ಟಿ ತಟ್ಟುತ್ತಿದ್ದರು. ಅಯ್ನೋರು ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು, ಮುದುಕಿಯ ಮಾತನ್ನೂ ಬಿಡಲಿಲ್ಲ. ಆಕೆ ರೊಟ್ಟಿ ಮಗುಚಿದರು.

"ಈಗ ಅವರಿಗೆ ನೀರೆಲ್ಲಿಂದ?"

"ಕೆರಿ ಅಂಗಳದಾಗ ಗುಂಡಿ ತೋಡ್ಯಾರ."

"ನೀವು ಕುಡದೀರೇನು ಅದನ್ನ?"

"ಕುಡದೇನಿ."

"ಹೆಂಗೈತಿ?"

ಅವರು ಕಾಲ ಕೆಳಗಿನ ನೆಲ ನೋಡಿದರು. ಆಕೆ ಹಂಚಿನಿಂದ ರೊಟ್ಟಿ ತೆಗೆದು ನನ್ನ ತಟ್ಟೆಗೆ ಹಾಕುತ್ತ, "ಅಗೀರಿ," ಎಂದರು. ಅಷ್ಟೇ. ಅದರ ಮೇಲೆ ಆ ಮನೆಯಲ್ಲಿ ಆ ಮಾತು ನಡೆದದ್ದು ನನಗೆ ಗೊತ್ತಿಲ್ಲ.

ಹೆಂಡತಿ ಒಪ್ಪಿದ್ದು ಕೇಳಿ ಮುದುಕಿ ಮತ್ತೆ ತಡೆಯಲಿಲ್ಲ. ಹುತ್ತವನ್ನು ಅಯ್ನೋರೊಬ್ಬರೇ ಕಿತ್ತರು. ಊರವರು ದೂರದಲ್ಲಿ ಸಾಲಾಗಿ ನಿಂತಿದ್ದರು. ಹಾವು ಕಾಣಲಿಲ್ಲ, ಗೆದ್ದಲು ಇತ್ತು. ಮಣ್ಣನ್ನು ಅವರು ಎಸೆಯಲಿಲ್ಲ. ಎಲ್ಲಿ ಹಾಕಲಿ ಎಂದು ಮುದುಕಿಯನ್ನು ಕೇಳಿದರು. ಆಕೆ ಆಚೆ ದಿಬ್ಬದ ಅರಳಿಮರ ತೋರಿಸಿದಳು. ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ದಿಬ್ಬ ಹತ್ತಿ ಅಲ್ಲಿ ಸುರಿದು ಬಂದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಹೊತ್ತರು. ನಾನು ಒಂದು ಬುಟ್ಟಿಗೆ ಕೈ ಚಾಚಿದಾಗ, "ನಿನಗ ಇನ್ನೂ ಮದಿವಿ ಆಗಿಲ್ಲ, ಸರಿ ಆಕಡೆ," ಎಂದು ಗದರಿದರು. ತಮಾಷೆಗೆ ಹೇಳಿದರೋ ಏನೋ. ಬೆವರಿಗೆ ಮಣ್ಣು ಹತ್ತಿ ಮುಖ ಗುರುತು ಸಿಗದಂತಾಗಿತ್ತು.

ಹುತ್ತದ ಗುರುತು ಅಳಿದು ನೆಲ ಸಮವಾದಾಗ ಗೌಡರು ಚಪ್ಪಲಿ ಬಿಟ್ಟು ಇಳಿದು ಬಂದರು. ಅವರ ಕೈಯಿಂದ ಗುದ್ದಲಿ ಇಸಿದುಕೊಂಡು, "ಇನ್ನು ಕೆಳಗಿಂದು ನಮ್ಮ ಮಣ್ಣು," ಎಂದರು. ಆಮೇಲೆ ಇಡೀ ಊರು ಇಳಿಯಿತು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ನೀರು ಬಂತು. ಹೆಂಗಸರು ಗಂಗೆ ಪೂಜೆ ಮಾಡಿದರು. ಅಯ್ನೋರು ಟೋಪಿ ಕೈಯಲ್ಲಿ ಹಿಡಿದು ದೂರ ನಿಂತು, ಕೊಟ್ಟ ಕೊಬ್ಬರಿ ಬೆಲ್ಲ ತಿಂದರು. ನಾಲ್ಕನೇ ದಿನ ಜಗಳ ಹತ್ತಿತು. ಸಾಮಾನು ಏರಿಸಿ ಹೊರಟೆವು.

ಆ ವರ್ಷವೂ ಮುಂಗಾರು ಸರಿಯಾಗಲಿಲ್ಲ. ಆದರೆ ಬಾವಿ ಬತ್ತಲಿಲ್ಲ. ಗಣಪತಿ ಹಬ್ಬದ ಆಸುಪಾಸಿನಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿತು. ಗೌಡರ ಮನೆಯಿಂದ ತುಪ್ಪ ಹೋಯಿತು. ಎರಡು ವಾರ ದಾಟುವುದರೊಳಗೆ ಮಗು ಜ್ವರ ಬಂದು ತೀರಿಕೊಂಡಿತು.

ಮಣ್ಣು ಮಾಡುವಾಗ ಆ ಊರಿನವರು ಗಾಡಿ ಕಟ್ಟಿಕೊಂಡು ಬಂದಿದ್ದರು. ಕ್ರೈಸ್ತರ ಸ್ಮಶಾನದ ಬೇಲಿಯ ಹೊರಗೆ ನಿಂತರು. ಒಳಗೆ ಬರಬಹುದೋ ಇಲ್ಲವೋ ಅವರಿಗೆ ತಿಳಿಯಲಿಲ್ಲ, ಯಾರೂ ಕರೆಯಲಿಲ್ಲ. ಪೆಟ್ಟಿಗೆ ತುಂಬ ಸಣ್ಣದು, ಅಯ್ನೋರು ಒಬ್ಬರೇ ಎತ್ತಿಕೊಂಡಿದ್ದರು. ಬುಟ್ಟಿ ಹೊರುವಾಗ ನಡೆದ ಹಾಗೆಯೇ, ಹೆಜ್ಜೆ ಊರಿ ಊರಿ ನಡೆದರು. ಅದನ್ನು ನೋಡಿದಾಗಲೂ ನನಗೆ ಏನೂ ಅನಿಸಲಿಲ್ಲ. ಹೆಜ್ಜೆ ಒಂದೇ ಥರ ಇದೆ ಎಂದಷ್ಟೇ ಅಂದುಕೊಂಡೆ.

ಮಾರನೆಯ ದಿನದಿಂದ ಆ ಊರಿನಲ್ಲಿ ಬಾವಿಯ ನೀರನ್ನು ಯಾರೂ ಸೇದಲಿಲ್ಲ. ಹಗ್ಗ ಒಣಗಿ ರಾಟೆಯಿಂದ ಜೋತು ಬಿದ್ದಿತ್ತು. ಹೆಂಗಸರು ಮತ್ತೆ ಚಿಪ್ಪು ಹಿಡಿದು ಕೆರೆಯಂಗಳಕ್ಕೆ ಹೋಗುತ್ತಿದ್ದರು. ನಾನು ಸೈಕಲ್ ಹತ್ತಿ ಹೋಗಿ ಗೌಡರಿಗೆ ಬುದ್ಧಿ ಹೇಳಿದೆ. ನೀರಿಗೆ ಯಾವ ದೋಷವೂ ಇಲ್ಲ ಎಂದೆ.

"ನೀರಿಗೆ ದೋಷ ಐತಿ ಅಂತ ಯಾರಂದ್ರು ಸೇವಕ್ರೆ?" ಎಂದರು. "ನಮಗೆ ಏನೂ ಆಗಂಗಿಲ್ಲ. ಆಗೋದೆಲ್ಲ ಅವರಿಗೇ ಆಗಿ ಹೋತು. ಆದ್ರೆ ಗಂಟಲಾಗ ಇಳಿಯಂಗಿಲ್ಲ. ಆ ಕೂಸಿನ ಪಾಲು ಕುಡಿದಂಗ ಆಗ್ತತಿ."

ನನ್ನ ಹತ್ತಿರ ಇದ್ದ ಉತ್ತರಗಳೆಲ್ಲ ಭಯಕ್ಕೆ ಹೇಳುವಂಥವು. ಇದಕ್ಕೆ ಯಾವುದೂ ಹೊಂದಲಿಲ್ಲ. ಶಿಕಾರಿಪುರಕ್ಕೆ ಬಂದು ಅಯ್ನೋರಿಗೆ ಹೇಳಿದೆ. ಅವರು ನೆಲ ನೋಡುತ್ತ ಕೂತರು. ಒಳಗೆ ಮಲಗಿದ್ದ ಹೆಂಡತಿಗೂ ಕೇಳಿಸಿರಬೇಕು.

ಮುಂದಿನ ಶುಕ್ರವಾರ ಆಕೆ ಗಾಡಿಯಲ್ಲಿ ಆ ಊರಿಗೆ ಬಂದರು. ಹಸಿ ಬಾಣಂತಿ, ತಲೆಗೆ ಬಟ್ಟೆ ಕಟ್ಟಿದ್ದರು. ಕೈಯಲ್ಲಿ ಮನೆಯ ತಾಮ್ರದ ಕೊಡ. ಜೊತೆಗೆ ಬಂದ ಗಂಡನನ್ನು ಗಾಡಿಯ ಹತ್ತಿರವೇ ನಿಲ್ಲಲು ಹೇಳಿ ಒಬ್ಬರೇ ಬಾವಿಗೆ ನಡೆದರು. ಊರು ಸೇರಿತು. ಆಕೆ ಕೊಡ ಇಳಿಸಿ ಸೇದತೊಡಗಿದರು. "ಯವ್ವಾ, ಹಸಿ ಮೈ, ನೀ ಸೇದಬ್ಯಾಡ," ಎಂದು ಗೌಡರ ತಾಯಿ ಕೂಗಿದಳು. ಆದರೆ ಹಗ್ಗಕ್ಕೆ ಕೈ ಹಾಕುವ ಧೈರ್ಯ ಆಕೆಗೂ ಆಗಲಿಲ್ಲ. ನಮಗೆ ಯಾರಿಗೂ ಆಗಲಿಲ್ಲ. ನಡುನಡುವೆ ನಿಂತು ಉಸಿರು ತೆಗೆದುಕೊಂಡು ಆಕೆ ಕೊಡ ಮೇಲೆ ತಂದರು. ಬೊಗಸೆಯಲ್ಲಿ ಕುಡಿದರು. ಮತ್ತೊಂದು ಬೊಗಸೆ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು, "ನೀರು ಸಿಹಿ ಐತಿ," ಎಂದು ಯಾರಿಗೂ ಅಲ್ಲ ಎಂಬಂತೆ ಹೇಳಿ, ಕೊಡ ಎತ್ತಿಕೊಂಡು ಗಾಡಿ ಹತ್ತಿದರು.

ಗಾಡಿ ಊರು ದಾಟುವ ಮೊದಲೇ ಮುದುಕಿ ಮನೆಗೆ ಹೋಗಿ ಕೊಡ ತಂದಿದ್ದಳು.

ಈ ಸಂಗತಿ ಮಿಷನ್ನಿನವರೆಗೂ ಹೋಯಿತು. ಹಿರಿಯ ಪಾದ್ರಿಯೊಬ್ಬರು ಬಾವಿ ಅಯ್ನೋರ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಮಗುವಿಗಾಗಿ ನಿಜವಾಗಿ ಅತ್ತರು. ಆಮೇಲೆ, ಒಂದು ಊರಿನ ಶಾಪವನ್ನು ಒಬ್ಬ ತನ್ನ ಮೇಲೆ ಹೊತ್ತುಕೊಂಡದ್ದು ಬೈಬಲ್ಲಿನ ಸುವಾರ್ತೆಯಲ್ಲದೆ ಬೇರೇನು, ಇದನ್ನು ಆ ಜನರಿಗೆ ಬಿಡಿಸಿ ಹೇಳಬೇಕು, ಅವರಿಗೆ ಈಗ ತಿಳಿಯುತ್ತದೆ ಎಂದರು.

"ಕೂಸು ಜ್ವರದಿಂದ ಹೋತ್ರೀ," ಎಂದರು ಬಾವಿ ಅಯ್ನೋರು. "ನಾ ಹೊತ್ತದ್ದು ಮಣ್ಣು."

ಅದರ ಮೇಲೆ ಆ ಮಾತು ಬೆಳೆಯಲಿಲ್ಲ. ಆ ವರ್ಷದ ಕೊನೆಗೆ ನನಗೆ ಸೊರಬಕ್ಕೆ ವರ್ಗವಾಯಿತು. ಅವರು ಬೇರೆ ಊರುಗಳಲ್ಲಿ ತೋಡಿಸುತ್ತಲೇ ಇದ್ದರು. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ.

ಸುದ್ದಿ ಬಂದ ಮೂರನೇ ದಿನ ರಜೆ ಸಿಕ್ಕಿತು. ಶಿಕಾರಿಪುರಕ್ಕೆ ಹೋದೆ. ಆ ಮನೆಯಲ್ಲಿ ಗೋಡೆಯ ಶಿಲುಬೆ ಆಗಲೇ ಇಳಿದಿತ್ತು, ಅದರ ಜಾಗದಲ್ಲಿ ಸುಣ್ಣ ಬೆಳ್ಳಗೆ ಕಾಣುತ್ತಿತ್ತು. ಆಕೆ ಹಾವೇರಿಗೆ, ಅಣ್ಣನ ಮನೆಗೆ ಹೊರಟಿದ್ದರು. ಮೂಲೆಯಲ್ಲಿ ಗೋಣಿಚೀಲ, ಪಾತ್ರೆ. ತಾಮ್ರದ ಕೊಡ ಮಾತ್ರ ಇನ್ನೂ ಕಟ್ಟಿರಲಿಲ್ಲ, ಬಾಗಿಲ ಪಕ್ಕದಲ್ಲಿತ್ತು. ನಾನು ಬಾಯಿ ತೆಗೆಯುವ ಮೊದಲು ಆಕೆಯೇ ಕೇಳಿದರು.

"ಆ ಬಾವ್ಯಾಗ ಸೇದಾಕತ್ತಾರೇನು ನೋಡಿದೇನಪಾ?"

ನೋಡಿರಲಿಲ್ಲ. ಆಗ ಕೊಡ ಅಲ್ಲಿ ಯಾಕಿದೆ ಎಂದು ತಿಳಿಯಿತು. ಬಾಡಿಗೆ ಸೈಕಲ್ ತೆಗೆದುಕೊಂಡು ಹೋದೆ.

ದೂರದಿಂದಲೇ ಬಾವಿಕಟ್ಟೆಯ ಮೇಲೆ ಹೆಂಗಸರು ಕಂಡರು. ರಾಟೆ ತಿರುಗುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಒಬ್ಬರು ಸೇದಿ ಸರಿದರೆ ಇನ್ನೊಬ್ಬರು ಹಗ್ಗ ಹಿಡಿಯುವರು. ಗೌಡರ ತಾಯಿ ಬೇವಿನ ಬುಡದಲ್ಲಿ ಕೋಲು ಹಿಡಿದು ಕೂತಿದ್ದಳು. ಕಣ್ಣು ಮಂಜಾಗಿದೆ, ಮಾತಿನಿಂದ ನನ್ನ ಗುರುತು ಹಿಡಿದಳು.

"ಮೊನ್ನೆ ಸುದ್ದಿ ಬಂದಾಗ ಎಲ್ಲರೂ ಕೊಡ ಬೋರಲು ಹಾಕಿದ್ರು," ಎಂದಳು. "ನಾನೇ ಬೈದು ಎಬ್ಬಿಸಿ ಕಳಿಸೀನಿ. ಯಾರಿಗೂ ಇಳಿಯವಲ್ಲದು. ನನಗೂ ಇಳಿಯವಲ್ಲದು. ಆದ್ರೆ ನಾವು ನಿಲ್ಲಿಸಿದ್ರೆ ಆ ಹುಡುಗಿ ಮತ್ತೆ ಕೊಡ ಹಿಡಕಂಡು ಬರಬೇಕಾಗ್ತತಿ."

ನಾನು ಅವಳ ಪಕ್ಕ ಕೂತೆ. ಸೇದುವುದು ಹಾಗೆಯೇ ಸಾಗಿತ್ತು. ಸುಮಾರು ಹೊತ್ತಾದ ಮೇಲೆ ಒಬ್ಬಳು ಎರಡನೇ ಕೊಡ ಇಳಿಸಿದಳು. ಹಿಂದಿನವಳು, "ನಿನ್ನ ಮನ್ಯಾಗ ಏನು ಆನೆ ಕಟ್ಟೀಯೇನೇ?" ಎಂದಳು. ಮೊದಲಿನವಳು ತಿರುಗಿ ಏನೋ ಅಂದಳು. ಕೊಡಕ್ಕೆ ಕೊಡ ತಾಗಿತು. ಮುದುಕಿ ಗದರಿಸಲಿಲ್ಲ. ಕೋಲಿನ ಮೇಲೆ ಗದ್ದ ಊರಿ ಕೇಳುತ್ತ ಕೂತಳು.

ಸಂಜೆ ಶಿಕಾರಿಪುರಕ್ಕೆ ಬಂದೆ. ಆಕೆ ಬಾಗಿಲಲ್ಲಿ ನಿಂತಿದ್ದರು.

"ಸೇದ್ತಾ ಇದಾರೆ," ಎಂದೆ.

"ಜಗಳಾ ಆಡಾಕತ್ತಿದ್ರೇನು?"

"ಆಡ್ತಾ ಇದ್ರು."

ಆಕೆ ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಬಾಗಿಲ ಪಕ್ಕದ ಕೊಡ ಎತ್ತಿ, ಅದರೊಳಗೆ ಒಂದು ಹಳೆಯ ಸೀರೆ ತುರುಕಿ, ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದರು.